ಎರಡು ಹೆಸರಿನ ಡಾಕ್ಟರು

ಜಮಖಂಡಿಯ ಕಂಪ್ಯೂಟರ್ ಸೆಂಟರಿನ ಪರದೆಯ ಮೇಲೆ ಆ ಕೆಂಪು ಸಾಲು ಮೊದಲ ಸಲ ಬಂದಾಗ ನಾನು ನಕ್ಕಿದ್ದೆ. ಅರ್ಜಿದಾರರ ಹೆಸರು ನೋಂದಣಿಯ ಹೆಸರಿಗೆ ಹೊಂದುತ್ತಿಲ್ಲ ಎಂದಿತ್ತು. ಸೆಂಟರ್ ನಡೆಸುವ ಹೆಂಗಸು ಇನ್ನೊಮ್ಮೆ ನನ್ನ ಆಧಾರ್ ನಂಬರ್ ಹಾಕಿ, ಮೊಬೈಲಿಗೆ ಬಂದ ಓಟಿಪಿ ಕೇಳಿ ಒತ್ತಿದಳು. ಮತ್ತೆ ಅದೇ ಕೆಂಪು. ಮುಂದಿನ ಸಲ ನನಗೆ ನಗು ಬರಲಿಲ್ಲ.

"ನೀವ ಇವರ ಅಲ್ಲಂತ ನೋಡ್ರಿ ಮೇಡಮ್ಮಾರ," ಅಂದಳು.

"ಅಂದ್ರ? ನಾ ನಾನಲ್ಲೇನು?"

"ನಾ ಹಂಗ ಅಂದಿಲ್ರೀ ಯವ್ವಾ, ಕಂಪ್ಯೂಟರ ಅನ್ನಾಕತ್ತೈತಿ."

ನಾನು ಸೈನ್ಯದಲ್ಲಿ ಡಾಕ್ಟರು. ಮೇಜರ್ ಅನ್ನುವ ಹುದ್ದೆ, ಭುಜದ ಮೇಲಿನ ಗುರುತು, ಸಂಬಳ ಎಲ್ಲ ಸೈನ್ಯ ಕೊಟ್ಟದ್ದು. ಆದರೆ ರೋಗಿಯ ಮೈ ಮುಟ್ಟಿ ಔಷಧ ಬರೆಯುವ ಹಕ್ಕು ಸೈನ್ಯ ಕೊಡುವುದಲ್ಲ. ಅದು ರಾಜ್ಯದ ವೈದ್ಯರ ಕೌನ್ಸಿಲ್ಲಿನ ನೋಂದಣಿಯಿಂದ ಬರುವಂಥದ್ದು, ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಈ ಸಲ ಅದರ ಮೇಲೆ ನನ್ನ ಮುಂದಿನ ಬದುಕೇ ನಿಂತಿತ್ತು. ಎಷ್ಟೋ ವರ್ಷ ಕೇಳಿ ಕೇಳಿ, ಸೇನೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಅರಿವಳಿಕೆಯ ಸ್ಪೆಷಲಿಸ್ಟ್ ಕೋರ್ಸಿಗೆ ನನಗೆ ಸೀಟು ಸಿಕ್ಕಿತ್ತು. ವಯಸ್ಸಿನ ಮಿತಿ ನೋಡಿದರೆ ಇದೇ ಕೊನೆಯ ಅವಕಾಶ. ಸೇರುವ ದಿನ ನವೀಕರಿಸಿದ ಸರ್ಟಿಫಿಕೇಟು ಕೈಯಲ್ಲಿ ಇರಬೇಕು, ಇಲ್ಲದಿದ್ದರೆ ಸೀಟು ಮುಂದಿನವರಿಗೆ. ಹಳೆಯ ನೋಂದಣಿಯ ಅವಧಿ ನನ್ನ ರಜೆಯ ನಡುವೆಯೇ ಮುಗಿಯುವುದಿತ್ತು.

ಕಷ್ಟದ ಕೆಲಸ ಮುಗಿಸಿಯೇ ಬಂದಿದ್ದೇನೆ ಅಂದುಕೊಂಡಿದ್ದೆ. ನವೀಕರಣಕ್ಕೆ ವೈದ್ಯರ ಸಮ್ಮೇಳನ, ಉಪನ್ಯಾಸಗಳಲ್ಲಿ ಕೂತ ತಾಸುಗಳ ಲೆಕ್ಕ ಕೊಡಬೇಕು. ಹಿಮದ ಗುಡ್ಡದ ಮೇಲೆ ಇದ್ದವಳಿಗೆ ಎಲ್ಲಿಯ ಸಮ್ಮೇಳನ? ಸಿಗ್ನಲ್ ಬಂದಾಗ ಬಂತು, ಹೋದಾಗ ಹೋಯಿತು ಅನ್ನುವ ಫೋನಿನಲ್ಲಿ ಉಪನ್ಯಾಸ ಕೇಳಿ, ಕೆಳಗಿನ ಆಸ್ಪತ್ರೆಗೆ ಡ್ಯೂಟಿಗೆ ಇಳಿದಾಗೆಲ್ಲ ರವಿವಾರ ಬಿಟ್ಟುಕೊಟ್ಟು ಆ ತಾಸುಗಳನ್ನು ಒಟ್ಟು ಮಾಡಿದ್ದೆ. ಆ ಪ್ರಮಾಣಪತ್ರಗಳ ಫೈಲನ್ನು ಎದೆಗವಚಿಕೊಂಡು ಊರಿಗೆ ಬಂದಿದ್ದೆ. ನನ್ನ ಹೆಸರೇ ನನಗೆ ಅಡ್ಡ ಬರುತ್ತದೆ ಅಂತ ಕನಸಿನಲ್ಲೂ ಎಣಿಸಿರಲಿಲ್ಲ.

ನನ್ನ ಹೆಸರು ಮಹಾದೇವಿ. ತವರು ಬನಹಟ್ಟಿ, ಅಪ್ಪನ ಮಗ್ಗದ ಸದ್ದಿನಲ್ಲೇ ಬೆಳೆದವಳು. ಸಾಲಿ, ಕಾಲೇಜು, ವೈದ್ಯಕೀಯ ಪದವಿ, ಕೌನ್ಸಿಲ್ಲಿನ ನೋಂದಣಿ, ಸೈನ್ಯ ಎಲ್ಲ ಕಡೆ ನಾನು ಮಹಾದೇವಿಯೇ. ಆಮೇಲೆ ಲಗ್ನವಾಯಿತು, ಗಲಗಲಿಯ ಮನೆಗೆ ಬಂದೆ. ನಮ್ಮ ಕಡೆ ಲಗ್ನವಾದ ಹೆಣ್ಣಿಗೆ ಅಡ್ಡಹೆಸರು ಬದಲಾಗುವುದಷ್ಟೇ ಅಲ್ಲ, ಬಹಳ ಮನೆತನಗಳಲ್ಲಿ ಇಟ್ಟ ಹೆಸರೂ ಬದಲಾಗುತ್ತದೆ. ನನ್ನ ವಿಷಯದಲ್ಲಿ ಅದಕ್ಕೊಂದು ಗಟ್ಟಿ ಕಾರಣವೂ ಇತ್ತು. ನಮ್ಮ ಅತ್ತೆಯ ಹೆಸರೂ ಮಹಾದೇವಿ. "ಒಂದ ಮನ್ಯಾಗ ಎರಡ ಮಹಾದೇವಿ ಹೆಂಗ? ಮಾವ ಸೊಸಿನ್ನ ಹೆಂಗ ಕರೀಬೇಕು?" ಅಂತ ಹಿರಿಯರೆಲ್ಲ ನಕ್ಕರು. ತಾಟಿನಲ್ಲಿ ಅಕ್ಕಿ ಹರಡಿ, ಗಂಡನ ಕೈಯಲ್ಲಿ ಉಂಗುರ ಕೊಟ್ಟು ಹೊಸ ಹೆಸರು ಬರೆಸಿದರು. ಹೆಸರು ಹೇಳಿಕೊಟ್ಟವರು ಅತ್ತೆ. ಸುಮಂಗಲಾ.

ಅಲ್ಲಿಗೆ ನಿಂತಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಲಗ್ನದ ರಜೆ ಮುಗಿಯುವ ಮೊದಲು ಮಾವ ನನ್ನನ್ನು ಕರಕೊಂಡು ಹೋಗಿ, ಮದುವೆಯ ನೋಂದಣಿ ತೋರಿಸಿ, ಆಧಾರ್, ರೇಷನ್ ಕಾರ್ಡು ಎಲ್ಲದರಲ್ಲೂ ಸುಮಂಗಲಾ ಮಾಡಿಸಿಬಿಟ್ಟರು. ಹೆಸರಿನ ನಡುವೆ ಅಪ್ಪನ ಹೆಸರು ಹೋಗಿ ಗಂಡನದು ಬಂತು, ಕೊನೆಯ ಅಡ್ಡಹೆಸರೂ ಬದಲಾಯಿತು. ಮೂರಕ್ಕೆ ಮೂರೂ ಬೇರೆ. ಹುಟ್ಟಿದ ತಾರೀಖು, ಬೆರಳಿನ ಗುರುತು ಬಿಟ್ಟರೆ ನನ್ನದು ಅಂತ ಏನೂ ಉಳಿಯಲಿಲ್ಲ. ಆಗ ಅದು ಯಾರಿಗೂ ದೊಡ್ಡದು ಅನ್ನಿಸಲಿಲ್ಲ. ನಾನು ಗುಡ್ಡಕ್ಕೆ ಹೋದರೆ ಮೇಜರ್ ಮಹಾದೇವಿ, ಗಲಗಲಿಗೆ ಬಂದರೆ ಸುಮಂಗಲಾ.

ಆ ಹೆಸರು ಮಾತ್ರ ನನ್ನ ಕಿವಿಗೆ ಎಂದೂ ಸರಿಯಾಗಿ ಹತ್ತಲಿಲ್ಲ. ಅತ್ತೆ ಅಡುಗೆಮನೆಯಿಂದ ಸುಮಂಗಲಾ ಎಂದು ಕೂಗಿದರೆ ಯಾರನ್ನೋ ಕರೆಯುತ್ತಾರೆ ಅಂತ ಕೂತೇ ಇರುತ್ತಿದ್ದೆ. ಎರಡನೇ ಕೂಗಿಗೆ ಎಚ್ಚರಾಗಿ ಎದ್ದು ಓಡುತ್ತಿದ್ದೆ. "ಮಿಲ್ಟ್ರಿ ಸೊಸಿ, ಎರಡ ಸಲ ಕರದ್ರ ಬರಾಕಿ," ಅಂತ ಓಣಿಯವರೆಲ್ಲ ಕಾಡುತ್ತಿದ್ದರು. ಅತ್ತೆ ನಗುತ್ತಿದ್ದರು, ಆದರೆ ಎರಡನೇ ಸಲ ಕೂಗುವುದನ್ನು ಬಿಡಲಿಲ್ಲ.

ಕೌನ್ಸಿಲ್ಲಿಗೆ ಫೋನ್ ಹಚ್ಚಿದೆ. ಬೆಳಗಿನಿಂದ ಹಚ್ಚಿ ಮಧ್ಯಾಹ್ನಕ್ಕೆ ಒಬ್ಬರು ಸಿಕ್ಕರು. ಮಾತು ಮೆತ್ತಗೆ, ಬೆಂಗಳೂರು ಕಡೆಯ ಕನ್ನಡ.

"ಮದುವೆ ಆದ್ಮೇಲೆ ಸರ್‌ನೇಮ್ ಬದಲಾಗೋದು ಗೊತ್ತು ಮೇಡಂ. ಹೆಸರೇ ಬದಲಾಗಿದೆಯಲ್ಲ? ಯಾಕೆ?"

"ನಮ್ಮ ಕಡೆ ಪದ್ಧತಿ ಹಂಗೈತ್ರಿ."

"ಅಂದ್ರೆ... ಪೂರ್ತಿ ಹೆಸರೇ? ಮಹಾದೇವಿ ಇದ್ದವರು ಸುಮಂಗಲಾ ಆಗೋದಾ?"

"ನಮ್ಮ ಅತ್ತಿ ಹೆಸರೂ ಮಹಾದೇವಿ ರೀ. ಅದಕ್ಕ."

ಅವರು ಎರಡೂ ಹೆಸರನ್ನು ಇನ್ನೊಮ್ಮೆ ಓದಿಕೊಂಡರು. ಪಾಪ, ತಮಾಷೆ ಮಾಡುತ್ತಿದ್ದಾಳೋ ಏನೋ ಅಂದುಕೊಂಡಿರಬೇಕು. ಆಮೇಲೆ ದಾರಿ ತೋರಿಸಿದರು. "ನೀವು ಕೆಲಸ ಮಾಡೋ ಕಡೆ ಕೊಟ್ಟಿರೋ ಫೋಟೊ ಐಡಿ ಕಾರ್ಡಲ್ಲಿ ಹಳೇ ಹೆಸರು ಇದ್ಯಲ್ಲ, ಅದನ್ನ ಅಪ್‌ಲೋಡ್ ಮಾಡಿ ಮೇಡಂ, ನೋಡೋಣ."

ನಾನು ಹಣೆ ಬಡಿದುಕೊಂಡೆ. ಸೈನ್ಯದ ಗುರುತಿನ ಚೀಟಿಯನ್ನು ಜೆರಾಕ್ಸ್ ಮಾಡುವಂತಿಲ್ಲ, ಫೋಟೊ ತೆಗೆಯುವಂತಿಲ್ಲ, ಯಾವ ವೆಬ್‌ಸೈಟಿಗೂ ಏರಿಸುವಂತಿಲ್ಲ. ಏರಿಸಿದರೆ ಲೈಸೆನ್ಸಿನ ಚಿಂತೆ ತಾನಾಗಿಯೇ ಮುಗಿಯುತ್ತದೆ, ಯಾಕೆಂದರೆ ನೌಕರಿಯೇ ಇರುವುದಿಲ್ಲ. ತೋರಿಸಬಹುದಾದ ಚೀಟಿಯಲ್ಲಿ ಹೆಸರು ಹೊಂದುವುದಿಲ್ಲ, ಹೆಸರು ಹೊಂದುವ ಚೀಟಿಯನ್ನು ತೋರಿಸುವಂತಿಲ್ಲ. ಎಂಥಾ ಚೆಂದದ ಹಗ್ಗದಲ್ಲಿ ಕಟ್ಟಿಬಿದ್ದೆನಲ್ಲ ಅನ್ನಿಸಿತು.

ನನ್ನ ಪಲ್ಟನ್ನಿನ ಆಫೀಸಿಗೆ ಹೇಳಿ ಸೇವಾ ಪ್ರಮಾಣಪತ್ರ ತರಿಸಿದೆ, ಕಮಾಂಡಿಂಗ್ ಅಧಿಕಾರಿಯ ಸಹಿ, ಮೊಹರು, ನನ್ನ ಫೋಟೊ. ಬನಹಟ್ಟಿಗೆ ಹೋಗಿ ಸಾಲಿಯ ದಾಖಲೆ ತಂದೆ. ಅಲ್ಲಿ ಅವ್ವನ ಬೈಗುಳ ಬೇರೆ. "ನಾ ಹಡದ ಇಟ್ಟ ಹೆಸರ, ಅವರ್ಯಾಕ ತಗೀಬೇಕಿತ್ತು? ಅವತ್ತ ನೀ ಯಾಕ ಬಾಯಿ ಮುಚಗೊಂಡ ಕುಂತಿದ್ದಿ?" ದಾಖಲೆಯನ್ನು ಚೀಲಕ್ಕೆ ತುರುಕಿ, ಸಿಟ್ಟಿನಲ್ಲೇ ಬಸ್ಸು ಹತ್ತಿದೆ.

ಜಮಖಂಡಿಯ ಕೋರ್ಟಿನ ಎದುರಿನ ನೋಟರಿ ವಕೀಲರ ಹತ್ತಿರ ಅಫಿಡವಿಟ್ ಮಾಡಿಸಿದೆ. ಮಹಾದೇವಿ ಮತ್ತು ಸುಮಂಗಲಾ ಇಬ್ಬರೂ ಒಬ್ಬರೇ ಅಂತ ಛಾಪಾ ಕಾಗದದ ಮೇಲೆ ಪ್ರಮಾಣ. ಕಾಗದಗಳ ಪ್ರತಿಗಳಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು ಅಂದರು. ನಾನೇ ಗೆಜೆಟೆಡ್ ಅಧಿಕಾರಿ. ಎಷ್ಟು ಜವಾನರ ಎಷ್ಟು ಕಾಗದಕ್ಕೆ ಸಹಿ ಒತ್ತಿದ್ದೇನೋ ಲೆಕ್ಕವಿಲ್ಲ. ನನ್ನದಕ್ಕೆ ನಾನು ಹಾಕುವಂತಿಲ್ಲ. ಆ ಸಹಿ ಹಾಕುವ ಹಸಿರು ಪೆನ್ನು ಬ್ಯಾಗಿನಲ್ಲಿ ಇಟ್ಟುಕೊಂಡು, ಪರಿಚಯವಿಲ್ಲದ ಅಧಿಕಾರಿಯ ಬಾಗಿಲ ಮುಂದೆ ಮಧ್ಯಾಹ್ನದ ತನಕ ಬೆಂಚಿನ ಮೇಲೆ ಕೂತೆ.

ಎಲ್ಲವನ್ನೂ ಏರಿಸಿದೆವು. ಕೆಂಪು ಸಾಲು ಹೋಗಲಿಲ್ಲ. ಮತ್ತೆ ಫೋನು, ಮತ್ತೆ ಅದೇ ಮೆತ್ತಗಿನ ದನಿ. "ಮೇಡಂ, ನಿಮ್ಮ ಕಾಗದ ಎಲ್ಲ ಸರಿ ಇದೆ. ನನಗೆ ನಂಬಿಕೆನೂ ಬಂತು. ಆದ್ರೆ ಆಧಾರ್ ಹೊಂದಿಸೋದು ಮನುಷ್ಯರಲ್ಲ, ಯಂತ್ರ. ಅದು ಹೊಂದೋವರೆಗೂ ಅರ್ಜಿ ನಮ್ಮ ಟೇಬಲ್ಲಿಗೇ ಬರಲ್ಲ. ಎರಡರಲ್ಲಿ ಒಂದು ಹೆಸರು ಬದಲಾಯಿಸಿ."

ನಾನು ಫೋನ್ ಇಟ್ಟು ಆ ಸೆಂಟರಿನ ಹೊರಗೆ ನಿಂತು ಅತ್ತುಬಿಟ್ಟೆ. ಸಿಟ್ಟಿಗೆ ಬರುವ ಅಳು ಅದು. ಗುಂಡು ತಾಗಿದವರನ್ನು ಹೊಲಿದ ಕೈಗಳು ನನ್ನವು, ಒಂದು ಹೆಸರನ್ನು ಹೊಂದಿಸಲು ಅವುಗಳಿಂದ ಆಗುತ್ತಿರಲಿಲ್ಲ.

ವಕೀಲರು ಚಹಾ ತರಿಸಿ, ಎರಡೂ ದಾರಿಯನ್ನು ಬಿಡಿಸಿ ಹೇಳಿದರು. "ಮೊದಲನೇದು, ಕೌನ್ಸಿಲ್ಲಿನ್ಯಾಗ ಸುಮಂಗಲಾ ಮಾಡಸೂದು. ಅದಕ್ಕ ಪೇಪರನ್ಯಾಗ ಜಾಹೀರಾತು, ಗೆಜೆಟ್ಟು, ವಿಶ್ವವಿದ್ಯಾಲಯ, ಮತ್ತ ನಿಮ್ಮ ಮಿಲ್ಟ್ರಿ ದಾಖಲೆ. ತಿಂಗಳಾನುಗಟ್ಟಲೆ ಹಿಡಿತೈತ್ರಿ."

"ಅಷ್ಟ ದಿನ ಇಲ್ರೀ ನನ್ನ ಕಡೆ. ಸೀಟ ಹೋಗತೈತಿ."

"ಹಂಗಾರ ಎರಡನೇದು. ಆಧಾರದಾಗ ತಿರುಗಿ ಮಹಾದೇವಿ. ಅದ ಲಗೂನ ಆಗತೈತಿ. ಆದ್ರ ಒಂದ ತಿಳಕೋರಿ. ಆಧಾರದಾಗ ಹೆಸರು ಬದಲಿಸಾಕ ಎರಡ ಸಲ ಅಷ್ಟ ಬಿಡತಾರ. ಲಗ್ನದಾಗ ಒಂದ ಸಲ ಮಾಡ್ಸೀರಿ. ಇದ ಕೊನೀದು. ನಾಳೆ ಮನಸ ಬದಲಾತಂದ್ರ ಹೊಳ್ಳಿ ಬರೂದು ಭಾಳ ತ್ರಾಸ."

ಹೊಸ ಅಫಿಡವಿಟ್ಟಿಗೆ ಎರಡೂ ಹೆಸರು ಬಲ್ಲ ಮನೆಯ ಹಿರಿಯರೊಬ್ಬರು ಸಾಕ್ಷಿ ಹಾಕಲಿ ಅಂದರು. ನನ್ನ ತವರಿನವರು ಸುಮಂಗಲಾ ಅಂತ ಎಂದೂ ಕರೆದವರಲ್ಲ. ಮಾವ ತೀರಿಕೊಂಡಿದ್ದರು. ಉಳಿದವರು ಹೆಸರಿಟ್ಟ ಅತ್ತೆಯೇ.

ಗಂಡ ಮುಧೋಳದ ಹತ್ತಿರ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಕಬ್ಬು ನುರಿಸುವ ಹಂಗಾಮು, ಮನೆಯಲ್ಲಿ ಇದ್ದಷ್ಟು ಹೊತ್ತೂ ನಿದ್ದೆ. "ರೀ, ನೀವರ ನಿಮ್ಮ ಅವ್ವಗ ಹೇಳ್ರಿ," ಅಂದರೆ, "ಹೆಸರ ಇಟ್ಟಾಕಿ ಅಕಿ, ಇಟಗೊಂಡಾಕಿ ನೀ. ನನ್ನ ನಡುವ ಯಾಕ ಜಗ್ಗತಿ?" ಅಂದು ಮಗ್ಗಲು ಬದಲಿಸಿದರು. ಅಕ್ಕಿಯಲ್ಲಿ ಉಂಗುರದಿಂದ ಗೀಚಿದ್ದು ಇದೇ ಮಹಾರಾಯರು ಅನ್ನುವುದು ಅವರಿಗೆ ಮರೆತುಹೋಗಿತ್ತು.

ನಾನೇ ಹೇಳಿದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಕೈ ನಿಂತಿತು.

"ಸುಮಂಗಲಾ ತಗದಬಿಡತೀ?"

"ಕಾಗದದಾಗ ಅಷ್ಟ್ರಿ ಅತ್ತಿ."

"ಮತ್ತ ನಮ್ಮ ಅಡ್ಡಹೆಸರ?"

"ಅದೂ ಹೋಗತೈತ್ರಿ. ಮೂರೂ ಮೊದಲಿನ್ಹಂಗ ಇರಬೇಕಂತ."

"ಹತ್ತ ಮಂದಿ ಮುಂದ ಇಟ್ಟ ಹೆಸರದು. ಹೆಸರ ತಗಿಯೂದಂದ್ರ ಲಗ್ನ ತಗದಂಗ. ನನ್ನ ಮಗ ಇನ್ನ ಗಟ್ಟಿಮುಟ್ಟ ಅದಾನು. ನಾ ಸಹಿ ಹಾಕೂದಿಲ್ಲ."

ಅವತ್ತು ನಾನು ಬಾಯಿಗೆ ಬಂದದ್ದೆಲ್ಲ ಅಂದೆ. "ನಿಮ್ಮ ಹೆಸರು ನಿಮಗ ಬೇಕಾತು, ಅದಕ್ಕ ನನ್ನ ಹೆಸರು ಕಸಗೊಂಡ್ರಿ. ಈಗ ನನ್ನ ಸೀಟೂ ಕಸಗೋತೀರೇನು?" ಅಂದೆ.  ಅತ್ತೆ ಹಿಟ್ಟಿನ ಕೈಯಲ್ಲೇ ನನ್ನ ಮುಖ ನೋಡಿ, ಮತ್ತೆ ರೊಟ್ಟಿ ಬಡಿಯತೊಡಗಿದರು. ಆ ದಿನದಿಂದ ಸುಮಂಗಲಾ ಅನ್ನುವ ಕೂಗು ನಿಂತಿತು. ಊಟಕ್ಕೆ ಕರೆಯಬೇಕಾದರೆ ತಾಟಿನ ಸದ್ದು ಮಾಡುತ್ತಿದ್ದರು.

ನಾನೂ ಹಟ ಬಿಡಲಿಲ್ಲ. ಮುಧೋಳದ ಆಧಾರ್ ಕೇಂದ್ರಕ್ಕೆ ಒಬ್ಬಳೇ ಹೋದೆ, ಸಾಕ್ಷಿಯಿಲ್ಲದೆ ಏನಾದರೂ ಆದೀತೇನೋ ಅಂತ. ಬಸ್‌ಸ್ಟ್ಯಾಂಡಿನಲ್ಲಿ ಹತ್ತಿದ ಆಟೋದವನು ಮಾತಿಗೆಳೆದು, ಮಿಲಿಟರಿ ಡಾಕ್ಟರು ಅಂತ ತಿಳಿದದ್ದೇ ಗಾಡಿಯನ್ನು ಮುಧೋಳ ತಳಿಯ ನಾಯಿಗಳ ಕೇಂದ್ರವಿರುವ ತಿಮ್ಮಾಪುರದ ಕಡೆ ತಿರುಗಿಸಿದ. "ನಾಯಿ ನೋಡಾಕ ಬಂದೀರಲ್ರೀ? ಮಿಲ್ಟ್ರಿಯವರು ಬಂದ್ರ ಅಲ್ಲೇ ಹೋಗ್ತಾರ." ಮುಧೋಳದ ನಾಯಿಗಳಿಗೆ ಇರುವ ಹೆಸರು ನನಗಿಲ್ಲವಲ್ಲ ಅಂತ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೂಗಿ ಹೇಳಿ ಗಾಡಿ ತಿರುಗಿಸಿದೆ. ಕೇಂದ್ರದಲ್ಲಿ ಸರ್ವರ್ ಬಂದ್. ಎರಡನೇ ಸಲ ಹೋದಾಗ ಸರ್ವರ್ ಇತ್ತು, ಮೂರೂ ಹೆಸರು ಬದಲಾಗುವುದಾದರೆ ಹಿರಿಯರ ಸಾಕ್ಷಿಯ ಅಫಿಡವಿಟ್ ಇಲ್ಲದೆ ಮುಟ್ಟುವುದಿಲ್ಲ ಅಂದರು. ತಿರುಗಿ ಬರುವ ಬಸ್ಸಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ, ಈ ಊರು, ಈ ಮನೆ, ಈ ಪದ್ಧತಿ ಎಲ್ಲದರ ಮೇಲೂ ಹಲ್ಲು ಕಡಿದೆ.

ಅಷ್ಟರಲ್ಲಿ ನೋಂದಣಿಯ ಅವಧಿ ಮುಗಿಯಿತು. ಏನೂ ಸದ್ದಾಗಲಿಲ್ಲ. ಬೆಳಗಾಯಿತು, ನಾನು ಔಷಧ ಬರೆಯುವ ಹಕ್ಕಿಲ್ಲದವಳಾದೆ, ಅಷ್ಟೇ.

ಅದೇ ವಾರ ಅತ್ತೆಯ ಬಿಪಿ ಗುಳಿಗೆ ತೀರಿತು. ಪ್ರತಿ ರಜೆಯಲ್ಲೂ ಅವರ ಬಿಪಿ ನೋಡಿ, ಗುಳಿಗೆ ಬರೆದುಕೊಡುವುದು ನಾನು. "ನಮ್ಮ ಸೊಸಿ ಬರದಾಳು" ಅಂತ ಅಂಗಡಿಯಲ್ಲಿ ಆ ಚೀಟಿಯನ್ನು ನಾಲ್ಕು ಜನಕ್ಕೆ ಕಾಣುವಂತೆ ಹಿಡಿಯುವುದು ಅವರ ರೂಢಿ. ಮಾತು ಬಿಟ್ಟಿದ್ದರೂ ಖಾಲಿ ಪಟ್ಟಿಯನ್ನು ತಂದು ನನ್ನ ಮುಂದೆ ಇಟ್ಟರು. ನಾನು ಬಿಪಿ ನೋಡಿದೆ. ಹೆಚ್ಚಾಗಿತ್ತು, ಗುಳಿಗೆ ಬದಲಿಸಬೇಕಿತ್ತು. ಪೆನ್ನು ತೆಗೆದೆ, ಮತ್ತೆ ಇಟ್ಟೆ.

"ಬೀಳಗಿ ದವಾಖಾನಿಗೆ ಹೋಗೂಣ ನಡೀರಿ ಅತ್ತಿ. ಅಲ್ಲಿ ಡಾಕ್ಟರ ಬರಕೊಡತಾರ."

"ನೀ ಬರಿಯಂಗಿಲ್ಲೇನು?"

"ಬರಿಯೂವಂಗಿಲ್ರಿ. ನಂದ ಅವಧಿ ಮುಗದೈತಿ."

ಸಿಟ್ಟಿಗೆ ಹೀಗೆ ಮಾಡುತ್ತಿದ್ದೇನೆ ಅಂದುಕೊಂಡರು ಅಂತ ಅವರ ಮುಖದಲ್ಲಿ ಕಂಡಿತು. ಫೋನ್ ತೆಗೆದು ತೋರಿಸಿದೆ. ಕೌನ್ಸಿಲ್ಲಿನ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಅವಧಿ ಮುಗಿದಿದೆ ಎಂದಿತ್ತು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಹಂಗಾರ ಈಗ ನೀ ಡಾಕ್ಟರ ಅಲ್ಲ?"

"ಕಾಗದದ ಮ್ಯಾಲ ಅಲ್ರಿ."

ಬೀಳಗಿಯ ದವಾಖಾನೆಯ ಸಾಲಿನಲ್ಲಿ ಅತ್ತೆ ಸೊಸೆ ಇಬ್ಬರೂ ಕೂತೆವು. ಬೇರೆ ಡಾಕ್ಟರು ಬರೆದ ಚೀಟಿಯನ್ನು ಅತ್ತೆ ಮಡಚಿ, ಯಾರಿಗೂ ತೋರಿಸದೆ ಕುಪ್ಪಸದಲ್ಲಿ ಸಿಗಿಸಿಕೊಂಡರು.  ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಇಳಕಲ್ ಸೀರೆ ಉಟ್ಟು, ಕೈಚೀಲ ಹಿಡಿದು ಪಡಸಾಲೆಯಲ್ಲಿ ಕೂತಿದ್ದರು.

"ಏಳ, ಜಳಕಾ ಮಾಡು. ಎಲ್ಲಿ ಸಹಿ ಹಾಕಬೇಕು, ನಡಿ."

ವಕೀಲರ ಮುಂದೆ ಅತ್ತೆ ಒಂದೇ ಪ್ರಶ್ನೆ ಕೇಳಿದರು. "ಇದರಿಂದ ನನ್ನ ಮಗನ ಲಗ್ನಕ್ಕ ಏನೂ ಆಗಂಗಿಲ್ಲ ಹೌದಿಲ್ರಿ?" ವಕೀಲರು ನಗದೆ, "ಏನೂ ಆಗಂಗಿಲ್ರೀ ಅಕ್ಕಾರ," ಅಂದರು. ಅತ್ತೆ ಕಾಗದದ ತುದಿಗೆ ಒಂದೊಂದೇ ಅಕ್ಷರ ಕೂಡಿಸಿ ಮಹಾದೇವಿ ಎಂದು ಬರೆದರು. ಅದರ ಮೇಲೆ ನಾನು ಬರೆದ ಮಹಾದೇವಿ.

ಅಲ್ಲಿಂದ ಸೀದಾ ಮುಧೋಳಕ್ಕೆ. ಕೇಂದ್ರದಲ್ಲಿ ಸರದಿ ಬರುವವರೆಗೂ ಅತ್ತೆ ನನ್ನ ಮಗ್ಗಲಲ್ಲೇ ಕೂತರು. ಆಪರೇಟರ್ ಹೆಣ್ಣುಮಗಳು ಕಾಗದಗಳನ್ನೆಲ್ಲ ನೋಡಿ, ಮೂರೂ ಹೆಸರು ಹೊಡೆದು, ಪರದೆಯನ್ನು ನಮ್ಮ ಕಡೆ ತಿರುಗಿಸಿದಳು.

"ಛಲೋತ್ನಾಗಿ ನೋಡಕೋರಿ. ಇದ ಕೊನೀ ಸಲ. ಸುಮಂಗಲಾ ಹೋಗಿ ಮಹಾದೇವಿ ಆಗತೈತಿ. ಹೌದಲ್ರಿ?"

ನಾನು ಹೌದು ಅನ್ನುವ ಮೊದಲೇ ಅತ್ತೆ ಮುಂದೆ ಬಾಗಿದರು. "ಒಂದ ನಿಮಿಷ ತಡಿ ತಂಗಿ. ಆ ಹಳೇ ಹೆಸರ ಎಲ್ಲೈತಿ? ನನಗ ತೋರಸು." ಅವಳು ಬೆರಳಿಟ್ಟು ತೋರಿಸಿದಳು. ಅತ್ತೆ ನೋಡಿದರು, ತಲೆಯಾಡಿಸಿದರು, ಹಿಂದೆ ಸರಿದು ಕೂತರು. ಮುದುಕಿಗೆ ಇನ್ನೂ ಸಂಕಟ ಅಂದುಕೊಂಡು ನಾನು ಸರಸರ ಬೆರಳುಗಳನ್ನು ಯಂತ್ರದ ಮೇಲೆ ಒತ್ತಿದೆ. ಹಸಿರು ದೀಪ ಹತ್ತಿತು. ರಸೀದಿ ಕೈಗೆ ಬಂತು. ಇಷ್ಟು ದಿನದಲ್ಲಿ ಮೊದಲ ಸಲ ಉಸಿರು ಸಲೀಸಾಗಿ ಆಡಿತು.

ಬಸ್‌ಸ್ಟ್ಯಾಂಡಿನ ಹೊರಗೆ ಕಬ್ಬಿನ ಹಾಲಿನ ಗಾಡಿ ಇತ್ತು. ಖುಷಿಗೆ ಎರಡು ಗ್ಲಾಸು ಹೇಳಿದೆ. ಕಟ್ಟೆಯ ಮೇಲೆ ಕೂತು ಕುಡಿಯುತ್ತ, ಅತ್ತೆಯನ್ನು ಸಮಾಧಾನ ಮಾಡಬೇಕು ಅಂತ, "ಬರೇ ಕಾಗದರಿ ಅತ್ತಿ, ಮನಸಿಗೆ ಹಚಗೋಬ್ಯಾಡ್ರಿ," ಅಂದೆ.

"ನಂದೂ ಹಿಂಗ ತಗದಿದ್ರು," ಅಂದರು.

"ಏನ್ರಿ?"

"ನನ್ನ ಹೆಸರ. ಮಹಾದೇವಿ ನನ್ನ ತವರಮನಿ ಹೆಸರ ಅಲ್ಲ. ನಾ ಈ ಮನಿಗೆ ಬಂದಾಗ ದೊಡ್ಡ ನೆಗೆಣ್ಣಿ, ನಿನ್ನ ಮಾವನ ಅಣ್ಣನ ಹೇಣ್ತಿ, ನೀ ಬರೂಕಿಂತ ಮೊದಲ ತೀರಕೊಂಡಾಕಿ, ಅಕಿದೂ ನಂದೂ ಒಂದ ಹೆಸರಿತ್ತು. ಒಂದ ಮನ್ಯಾಗ ಎರಡು ಹೆಂಗ ಅಂತ ನನ್ನ ಮಹಾದೇವಿ ಮಾಡಿದ್ರು."

ನನಗೆ ಕೇಳುವುದಕ್ಕೇ ಅಂಜಿಕೆ ಬಂತು. ಆದರೂ ಕೇಳಿದೆ. "ನಿಮ್ಮ ಮೊದಲಿನ ಹೆಸರ ಏನಿತ್ರಿ?"

"ಸುಮಂಗಲಾ."

ಗ್ಲಾಸು ಕೈಯಲ್ಲೇ ಉಳಿಯಿತು. ಅತ್ತೆ ಬಸ್ಸುಗಳ ಕಡೆ ನೋಡುತ್ತ ಹೇಳಿದರು. "ಸಾಲ್ಯಾಗ ಮಾಸ್ತರು ಏನರ ಕೇಳಿದ್ರ ಮೊದಲ ಸುಮಂಗಲಾ ಎಲ್ಲಿ ಅಂತಿದ್ರು. ಭಾಳ ಶಾಣ್ಯಾಕಿ ಇದ್ನಿ. ಆಮ್ಯಾಲ ಸಾಲೀನೂ ಬಿಡಿಸಿದ್ರು, ಹೆಸರೂ ತಗದ್ರು. ನೀ ಡಾಕ್ಟರಕಿ ಕಲತ ಬಂದಿ. ನಿನಗಾದ್ರ ಒಪ್ಪತೈತಿ ಅಂತ ಇಟ್ನಿ. ಯಾರರ ಇಟಗೋಬೇಕಲ್ಲ ಅದನ್ನ."

"ಮೊದಲ ಯಾಕ ಹೇಳ್ಲಿಲ್ರೀ ಅತ್ತಿ? ಬೆರಳ ಒತ್ತೂಕಿಂತ ಮೊದಲ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀ ಒತ್ತತಿದ್ದೇನು?"

 ಅಡುಗೆಮನೆಯಲ್ಲಿ ಅವರಿಗೆ ಅಂದ ಮಾತೆಲ್ಲ ನೆನಪಾಯಿತು. ಕಾಲು ಮುಟ್ಟಲು ಬಾಗಿದೆ. "ಏ, ಮಂದಿ ನೋಡತಾರ, ಏಳು. ಬಸ್ ಬಂತು," ಅಂತ ತೋಳು ಹಿಡಿದು ಎಬ್ಬಿಸಿದರು. ಕಬ್ಬಿನ ಹಾಲನ್ನು ಮಾತ್ರ ಪೂರ್ತಿ ಕುಡಿದೇ ಎದ್ದರು.

ಆಧಾರಿನ ಮೆಸೇಜು ನಾನು ಅಂಜಿದ್ದಕ್ಕಿಂತ ಮೊದಲೇ ಬಂತು. ಜಮಖಂಡಿಯ ಅದೇ ಸೆಂಟರಿನಲ್ಲಿ ಅದೇ ಹೆಂಗಸು ಒತ್ತಿದಳು. ಕೆಂಪು ಬರಲಿಲ್ಲ. "ಈಗ ನೀವ ನೀವ ಆದ್ರಿ ನೋಡ್ರಿ ಮೇಡಮ್ಮಾರ," ಅಂತ ನಕ್ಕಳು. ತಡವಾದ ದಂಡ ಕಟ್ಟಿದೆ. ಮೆತ್ತಗಿನ ದನಿಯವರು ತಾವಾಗಿ ಫೋನ್ ಮಾಡಿ, ಅರ್ಜಿ ಟೇಬಲ್ಲಿಗೆ ಬಂದಿದೆ ಅಂದರು. ರಜೆ ಮುಗಿಯುವ ಹೊತ್ತಿಗೆ ಸರ್ಟಿಫಿಕೇಟು ಬಂದೇಬಿಟ್ಟಿತು, ಮಹಾದೇವಿ ಅಂತ ದಪ್ಪ ಅಕ್ಷರದಲ್ಲಿ. ಎಷ್ಟೊಂದು ಬೈದು, ಎಷ್ಟೊಂದು ಅತ್ತು ಪಡೆದ ಆ ಕಾಗದವನ್ನು ನೋಡಿ ಕುಣಿಯಬೇಕಿತ್ತು. ಸುಮ್ಮನೆ ಫೈಲಿಗೆ ಹಾಕಿದೆ. ಅತ್ತೆಯ ಗುಳಿಗೆಯ ಚೀಟಿಯನ್ನು ಹೊಸದಾಗಿ ಬರೆದುಕೊಟ್ಟೆ. ಅವರು ಅದನ್ನು ಬಿಚ್ಚಿ ಹಿಡಿದುಕೊಂಡೇ ಅಂಗಡಿಗೆ ಹೋದರು.

ಹೊರಡುವ ದಿನ ಬೆಳಿಗ್ಗೆ ಟ್ರಂಕಿಗೆ ಬೀಗ ಹಾಕುತ್ತಿದ್ದೆ. ಗಂಡ ಬಾಗಿಲಲ್ಲಿ ಗಾಡಿ ತಂದು ನಿಲ್ಲಿಸಿದ್ದರು. ಅಡುಗೆಮನೆಯಲ್ಲಿ ಅತ್ತೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟುತ್ತಿದ್ದರು. ಜಗಳವಾದ ದಿನದಿಂದ ಅವರು ನನ್ನನ್ನು ಹೆಸರು ಹಿಡಿದು ಕರೆದಿರಲಿಲ್ಲ, ಯಾವ ಹೆಸರಿನಿಂದಲೂ.

"ಸುಮಂಗಲಾ," ಎಂದು ಒಳಗಿನಿಂದ ಕೂಗಿದರು.

"ಓ ಅತ್ತೀ, ಬಂದೆ!" ಅನ್ನುತ್ತ ಎದ್ದು ಒಳಗೆ ಓಡಿದೆ. ಅವರು ಎರಡನೇ ಸಲ ಕೂಗಲು ಬಾಯಿ ತೆರೆದೇ ನಿಂತಿದ್ದರು.